ಮೂರನೇ ಡಬ್ಬಿಯ ಕಿಟಕಿ

ದೆವ್ವ, ಶಕುನದ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಹಳೇಬೀಡಿನ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಎಂಬ ಹಮ್ಮೂ ಇತ್ತು. ಈಗಲೂ ಅದನ್ನೆಲ್ಲ ನಂಬುತ್ತೇನೆಂದಲ್ಲ. ಆದರೆ ಒಂದು ಸಂಜೆ ಕಣ್ಣಾರೆ ಕಂಡದ್ದಕ್ಕೆ ಏನು ಹೆಸರಿಡಬೇಕೋ ಇಷ್ಟು ವರ್ಷವಾದರೂ ಗೊತ್ತಾಗಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಸರಿ.

ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ನನ್ನನ್ನು ಸಾಕಿದವಳು ಬೇಲೂರಿನ ಸೋದರತ್ತೆ. ದೇವಸ್ಥಾನಕ್ಕೆ ಮಾಲೆ ಕಟ್ಟಿಕೊಡುವ ಮನೆ ಅವಳದು. ಸ್ವಾತಂತ್ರ್ಯ ಬಂದು ಹತ್ತು ಹನ್ನೊಂದು ವರ್ಷವಾಗಿದ್ದಿರಬೇಕು, ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಎಡಗಣ್ಣು ಪೂರ್ತಿ ಮುಚ್ಚಿತ್ತು. ಬಲಗಣ್ಣಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಮುಂದೆ ಕೂತವರ ಮುಖವೂ ತಿಳಿಯುತ್ತಿರಲಿಲ್ಲ. ತುಳಸಿಯನ್ನು ತಡವಿ ತಡವಿ ಕಟ್ಟುತ್ತಿದ್ದಳು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದರೆ ಒಂದು ಕಣ್ಣಾದರೂ ಉಳಿದೀತು, ತಡಮಾಡಬೇಡಿ ಎಂದರು ಡಾಕ್ಟರು.

ಬಸ್ಸು ಹತ್ತಿದರೆ ಹಗರೆ ಬರುವಷ್ಟರಲ್ಲಿ ಅತ್ತೆಗೆ ವಾಂತಿ. ಅಲ್ಲಲ್ಲಿ ಇಳಿದು ಸುಧಾರಿಸಿಕೊಂಡು ಹೇಗೋ ಅರಸೀಕೆರೆ ಮುಟ್ಟಿದೆವು. ಅಲ್ಲಿಂದ ಮುಂದೆ ರೈಲು. ಅವಳು ಅದುವರೆಗೆ ರೈಲಿನ ಹತ್ತಿರ ಹೋದವಳೇ ಅಲ್ಲ. ಪ್ಲಾಟ್‌ಫಾರಂ ಮೇಲೆ ಇಂಜಿನ್ನು ಬುಸ್ಸೆಂದು ಹಬೆ ಬಿಟ್ಟಿತು ನೋಡಿ, ಅತ್ತೆ ನನ್ನ ಕೈ ಹಿಡಿದು ನೆಲದ ಮೇಲೆ ಕುಸಿದು ಕೂತಳು.

"ನನ್ನ ಕೈಲಾಗಲ್ಲ ಕಣೋ. ಕಣ್ಣು ಹೋದ್ರೆ ಹೋಗ್ಲಿ."

ರೈಲು ಹೋಯಿತು, ನಾವು ಉಳಿದೆವು. ದಾರಿ ಕಾಣದೆ ಬಾಣಾವರದ ನನ್ನ ಗೆಳೆಯನ ಮನೆಗೆ ಅವಳನ್ನು ಎತ್ತಿನ ಗಾಡಿಯಲ್ಲಿ ಕರೆದೊಯ್ದೆ. ಅವನೂ ಮೇಷ್ಟ್ರು. "ಮೊದ್ಲು ದೂರದಿಂದ ರೂಢಿ ಆಗ್ಲಿ ಬಿಡಯ್ಯ," ಎಂದ. ಅಲ್ಲಿಂದ ಅರಸೀಕೆರೆ ಕಡೆಗೆ ಸ್ವಲ್ಪ ದೂರದಲ್ಲಿ ಒಂದು ಕೆರೆ. ಮಹಾರಾಜರ ಕಾಲದ ಹಳೆಯ ರೈಲುದಾರಿ ಅದಕ್ಕೆ ನೀರು ಬರುವ ತುದಿಯಲ್ಲಿ ಕಲ್ಲಿನ ಸೇತುವೆ ಹತ್ತಿ, ಗುಡ್ಡದ ಬುಡ ಬಳಸಿ ಹೋಗುತ್ತದೆ. ನೀರಿನ ನಡುವಿನಿಂದ ಆ ನೋಟ ಬಲು ಚೆಂದವೆಂದು ಪೇಟೆಯವರು ಹರಿಗೋಲು ಮಾಡಿಕೊಂಡು ನೋಡಲು ಹೋಗುವುದಿತ್ತು.

ಮಾರನೆಯ ಸಂಜೆ ಮೀನು ಹಿಡಿಯುವ ನಂಜಯ್ಯನ ಹರಿಗೋಲಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಹೊರಟೆ. ಚಳಿಗಾಳಿ ಬೀಸುತ್ತಿತ್ತು. ನನ್ನ ಕೆಂಪು ಮಫ್ಲರ್ ಬಿಚ್ಚಿ ಅವಳ ತಲೆಗೆ ಸುತ್ತಿದೆ. ಹರಿಗೋಲು ಸುಮ್ಮನೆ ನಿಲ್ಲುವ ವಸ್ತುವಲ್ಲ. ಅತ್ತಿತ್ತ ತಿರುಗುತ್ತಲೇ ಇತ್ತು. ಈ ಉಪಾಯವೂ ಕೈಕೊಟ್ಟರೆ ಮುಂದೇನು ಎಂಬ ಯೋಚನೆ ಬೇರೆ.

ರೈಲು ಬಂತು. ನೀರಿನ ಮೇಲೆ ಹಾದು ಬಂದ ಸದ್ದು ಮೆತ್ತಗಿತ್ತು. ಅತ್ತೆ ಹರಿಗೋಲಿನ ಅಂಚು ಬಿಗಿಹಿಡಿದು ಕೇಳಿದಳು. ಆಮೇಲೆ, "ಇಷ್ಟೇನೇನೋ?" ಎಂದಳು. ನನಗೆ ಹೋದ ಜೀವ ಬಂದ ಹಾಗಾಯಿತು.

ಸೇತುವೆಯ ಮೇಲೆ ರೈಲು ನಿಧಾನವಾಗಿ ಸಾಗುತ್ತಿತ್ತು. ಮೂರನೇ ಡಬ್ಬಿಯ ಕಿಟಕಿಯಲ್ಲಿ ಕೆಂಪು ಮಫ್ಲರ್ ಸುತ್ತಿಕೊಂಡ ಹೆಂಗಸು ಕೂತಿದ್ದಳು. ಕೆಂಪು ಮಫ್ಲರ್ ಯಾರಿಗಿಲ್ಲ ಅನ್ನಬಹುದು ನೀವು. ಬಲಗಣ್ಣಿನ ಕಡೆಗೆ ತಲೆ ವಾಲಿಸಿ, ಗಲ್ಲ ಮುಂದೆ ಚಾಚಿ ಕೂರುವ ಆ ರೀತಿ ನನ್ನ ಅತ್ತೆಯದು. ಮುಖವೂ ಅವಳದೇ. ನಮ್ಮನ್ನೇ ನೋಡಿ ಒಂದು ಕೈ ಎತ್ತಿದಳು. ನಾನು ಗಕ್ಕನೆ ಪಕ್ಕಕ್ಕೆ ತಿರುಗಿದೆ. ಅತ್ತೆ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು ಅಲ್ಲೇ ಇದ್ದಳು. ಮತ್ತೆ ನೋಡುವಾಗ ಆ ಡಬ್ಬಿ ಗುಡ್ಡದ ಮರೆಗೆ ಹೋಗಿತ್ತು.

ನಂಜಯ್ಯ ಹುಟ್ಟು ಹಾಕುವುದನ್ನು ನಿಲ್ಲಿಸಿದ್ದ. ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು.

"ಯಾಕೋ ಸುಮ್ಮನಾದೆ?" ಎಂದಳು ಅತ್ತೆ.

"ಏನಿಲ್ಲ, ರೈಲು ಹೋಯ್ತು."

ದಡಕ್ಕೆ ಬಂದು ಅತ್ತೆಯನ್ನು ಗಾಡಿಯಲ್ಲಿ ಕೂರಿಸಿದ ಮೇಲೆ ನಂಜಯ್ಯ ನನ್ನನ್ನು ದೂರ ಕರೆದು, ತಗ್ಗಿದ ದನಿಯಲ್ಲಿ ಕೇಳಿದ: "ಮೂರ್ನೇ ಡಬ್ಬೀಲಿ ಕುಂತಿದ್ದೋರು ಯಾರು ಮೇಷ್ಟ್ರೇ?"

"ನಿನಗೆ ಯಾರು ಕಂಡ್ರು?"

ಅವನು ಗಾಡಿಯತ್ತ ನೋಡಿದ. "ಬ್ಯಾಡ ಬುಡಿ. ಅಮ್ಮಾರ್ಗೆ ಯೋಳ್ಬ್ಯಾಡಿ."

ಹೇಳಲಿಲ್ಲ. ಗೆಳೆಯನಿಗೂ ಹೇಳಲಿಲ್ಲ. ಆ ಕೈ ಬಾ ಎಂದಿತೋ, ಬರಬೇಡ ಎಂದಿತೋ? ಕರೆದೊಯ್ದು ಏನಾದರೂ ಆದರೆ ನಾನೇ ಹೊಣೆ. ಕರೆದೊಯ್ಯದಿದ್ದರೆ ಕಣ್ಣು ಹೋಗುತ್ತದೆ, ಅದಕ್ಕೂ ನಾನೇ. ಬೆಳಿಗ್ಗೆ ಅತ್ತೆ ತಾನಾಗಿ ಗಂಟು ಕಟ್ಟಿಕೊಂಡು ಕೂತಿದ್ದಳು. ಇನ್ನೊಂದು ವಾರ ತಡೆಯೋಣ, ಸ್ಕೂಲಿನಲ್ಲಿ ರಜ ಸಿಗುವುದು ಕಷ್ಟ ಎಂದು ಏನೇನೋ ತೊದಲಿದೆ.

"ಮೊನ್ನೆ ನೀನು ಎಳೀತಿದ್ದೆ, ಇವತ್ತು ನಾನು ಎಳೀಬೇಕೇನೋ?" ಎಂದು ನಕ್ಕಳು.

ಗಾಡಿಯಲ್ಲಿ ಅರಸೀಕೆರೆಗೆ ಹೊರಟೆವು. ಮೂರನೇ ಡಬ್ಬಿಯನ್ನು ಬಿಟ್ಟು ಕೊನೆಯದನ್ನು ಹತ್ತಿಸಿದೆ. ವಿಜ್ಞಾನದ ಮೇಷ್ಟ್ರು ಮಾಡಿದ ಕೆಲಸ ಇದು. ಆಸ್ಪತ್ರೆಯಲ್ಲಿ ಆಪರೇಷನ್ ಆದ ಮೇಲೆ ಅವಳ ತಲೆಯ ಎರಡೂ ಪಕ್ಕ ಮರಳಿನ ಚೀಲವಿಟ್ಟು ಅಲುಗಾಡದಂತೆ ಮಲಗಿಸಿದ್ದ ಅಷ್ಟೂ ದಿನ ನಾನು ವರಾಂಡದಲ್ಲಿ ಕೂತಲ್ಲಿ ಕೂರಲಿಲ್ಲ. ಆದರೆ ಏನೂ ಕೆಟ್ಟದ್ದಾಗಲಿಲ್ಲ. ಬಲಗಣ್ಣಿಗೆ ದೃಷ್ಟಿ ಬಂತು.

ಗೆಳೆಯನಿಗೆ ಮುಖ ತೋರಿಸಿ ಹೋಗೋಣವೆಂದು ವಾಪಸು ಬರುವಾಗ ಬಾಣಾವರದವರೆಗೆ ಟಿಕೆಟ್ ತೆಗೆದಿದ್ದೆ. ರೈಲು ಆ ಸೇತುವೆ ಹತ್ತಿತು. ಅತ್ತೆ ದಪ್ಪ ಕನ್ನಡಕದಲ್ಲಿ ಬಹಳ ಹೊತ್ತು ನೀರನ್ನು ನೋಡಿದಳು. ಆಮೇಲೆ ಸಹಜವಾಗಿ ಕೇಳಿದಳು:

"ಅವತ್ತು ಅವಳು ಕೈ ಎತ್ತಿದ್ಲಲ್ಲ, ನೀನ್ಯಾಕೋ ತಿರುಗಿ ಎತ್ತಲಿಲ್ಲ?"

ಅವಳ ಕಡೆ ತಿರುಗಿದೆ. "ಯಾರು ಅತ್ತೆ?"

"ನೀನೇ ನೋಡಿದ್ಯಲ್ಲೋ," ಎಂದು ಕಿಟಕಿಯ ಕಡೆ ತಿರುಗಿದಳು.

ಅತ್ತೆ ಮತ್ತೆ ಒಂಬತ್ತು ವರ್ಷ ಮಾಲೆ ಕಟ್ಟಿದಳು. ಒಮ್ಮೆ ಧೈರ್ಯ ಮಾಡಿ, "ಆ ಕೆರೆ ಹತ್ರ ಅವತ್ತು..." ಎಂದು ಶುರುಮಾಡಿದೆ. ಅವಳು ತಲೆ ಎತ್ತದೆ, "ತುಳಸಿ ಬಾಡ್ತಾ ಇದೆ, ಒಂದಿಷ್ಟು ನೀರು ಚಿಮುಕಿಸೋ," ಎಂದಳು. ಚಿಮುಕಿಸಿದೆ. ಮಾತು ಅಲ್ಲಿಗೇ ನಿಂತಿತು. ಈಗ ಕೇಳೋಣವೆಂದರೆ ಅವಳಿಲ್ಲ.

ಆ ದಾರಿಯಲ್ಲಿ ಇವತ್ತಿಗೂ ಓಡಾಡುತ್ತೇನೆ. ಸೇತುವೆ ಹತ್ತಿರವಾಗುತ್ತಲೇ ಕಿಟಕಿಯ ಜಾಗ ಬಿಟ್ಟು ಎದ್ದು ಆಚೆ ಬದಿಗೆ ಹೋಗಿ ನಿಲ್ಲುತ್ತೇನೆ. ನೀರಿನ ಮೇಲೆ ಹರಿಗೋಲು ಇದೆಯೋ ಇಲ್ಲವೋ ಎಂದು ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.