ಕಾಕಾನ ಬಲಗಡೆ ಕುಂತ ಶರಣಮ್ಮ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ನಮ್ಮ ಪಕ್ಕದ ಮನೆಯ ಸಿದ್ರಾಮ ಕಾಕಾ ಹೊಟ್ಟೆಯ ಬಲಗಡೆ ಅಂಗೈ ಒತ್ತಿಕೊಂಡು, "ಮೆತ್ತಗ ಹೊಡೀರಿ ಡ್ರೈವರ್ ಸಾಹೇಬ್ರ, ನಮ್ಮ ಮನಿಯಾಕಿ ಕುಂತಾಳ" ಎನ್ನುತ್ತಿದ್ದರು. ಪಕ್ಕದ ಸೀಟಿನಲ್ಲಿ ಇರುತ್ತಿದ್ದವನು ನಾನು. ಅವರ ಹೆಂಡತಿ ಶರಣಮ್ಮ ಕಾಕಿ ಮನೆಯಲ್ಲಿ ಆಡುಗಳಿಗೆ ಮೇವು ಹಾಕುತ್ತಿರುತ್ತಿದ್ದರು. ಕಾಕಾನ ಹೊಟ್ಟೆಯಲ್ಲಿ ಕುಂತಿದ್ದದ್ದು ಅವರು ಕೊಟ್ಟ ಕಿಡ್ನಿ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಕಾಕಾನನ್ನು ಹಿಡಿಯುವವರಿರಲಿಲ್ಲ. "ಈ ಕಿಡ್ನಿ ಹೆಣ್ಮಗಳದು ಅದರಿ. ಅಷ್ಟು ಬಿಟ್ಟು ಉಳಿದದ್ದಕ್ಕ ಟಿಕೆಟ್ ಹರೀರಿ" ಎಂದು ಕಂಡಕ್ಟರನಿಗೆ ಗಂಟು ಬೀಳುತ್ತಿದ್ದರು. ಒಮ್ಮೆ ಕಂಡಕ್ಟರನೂ ಬಿಡದೆ, "ಆಕೀ ಆಧಾರ್ ಕಾರ್ಡ್ ತೋರಸ್ರಿ" ಎಂದ. ಕಾಕಾ ಅಂಗಿ ಎತ್ತಿ ಹೊಲಿಗೆ ತೋರಿಸಿದರು.

ಕಿಡ್ನಿ ಹಾಕಿಸಿಕೊಂಡ ಮರುವರ್ಷ ಅವರ ಸೊಂಟದ ಎಡಗಡೆ ಉರಿ ಎದ್ದು, ಸಾಲಾಗಿ ಗುಳ್ಳೆ ಬಂದವು. ಸರ್ಪಸುತ್ತು. ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎನ್ನುವ ಮಾತು ನಮ್ಮಲ್ಲಿ ಕೂಸಿಗೂ ಗೊತ್ತು. ಕಾಕಾ ದುಬಲಗುಂಡಿಯ ಮುದುಕನೊಬ್ಬನ ಕೈಯಲ್ಲಿ ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿಸಿಕೊಂಡು, ಸಾಲದ್ದಕ್ಕೆ ಹಾವಿನ ದಾರಿಗೆ ಅಡ್ಡವಾಗಿ ಒಂದು ನವಿಲನ್ನೂ ಬರೆಸಿಕೊಂಡು ಬಂದರು. ಕಾಕಿ ಅದನ್ನು ನೋಡಿದ್ದೇ ತಡ, ನನ್ನ ಜೊತೆ ಅವರನ್ನು ಹುಮನಾಬಾದಿಗೆ ಅಟ್ಟಿದರು.

ಡಾಕ್ಟರಮ್ಮ ನವಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿ ಹಿಡಿದು ಮೆಲ್ಲಗೆ ಒರೆಸುತ್ತ, "ಸಣ್ಣವರಿದ್ದಾಗ ಮೈತುಂಬ ಗುಳ್ಳಿ ಎದ್ದು ಅಮ್ಮ ಬಂದಿದ್ದಳೇನ್ರಿ?" ಎಂದು ಕೇಳಿದರು.

"ಬಂದಿದ್ದಳ್ರಿ. ನಮ್ಮವ್ವ ಉಡಿ ತುಂಬಿ, ಊರ ಸೀಮಿ ದಾಟಿಸಿ ಕಳಿಸಿದ್ದಳು."

"ಹೋಗಿಲ್ರಿ. ಆ ವೈರಸ್ ಇಷ್ಟು ವರ್ಷ ನರದಾಗ ಮಲಗಿತ್ತು. ಹೊಸ ಕಿಡ್ನಿ ಉಳೀಲಿ ಅಂತ ಕೊಟ್ಟ ಗುಳಿಗಿ ನಿಮ್ಮ ಮೈ ಕಾಯೋ ನಾಯಿಗಳಿಗೆ ಮಂಪರು ತರ್ತಾವ. ಕಾವಲು ಸಡಿಲಾತು, ಅದು ಎದ್ದದ."

ಜನ್ಮವಿಡೀ ಆಡು ಕಾಯ್ದ ಕಾಕಾನಿಗೆ ಇದು ಸಲೀಸಾಗಿ ತಿಳಿಯಿತು. ತಿಳಿದದ್ದೇ ಅಪಾಯವಾಯಿತು. "ಹಂಗಾದ್ರ ಇವತ್ತಿಂದ ಗುಳಿಗಿ ಬಂದ್. ನಾಯಿ ಏಳಲಿ" ಎಂದುಬಿಟ್ಟರು.

"ನಾಯಿ ಎದ್ದರ ಮೊದಲ ಯಾರನ್ನ ಕಡೀತಾವ? ಒಳಗ ಹೊಸಬರು ಯಾರದಾರ?"

ಕಾಕಾನ ಅಂಗೈ ತಾನಾಗಿ ಬಲಗಡೆಗೆ ಹೋಯಿತು. "ನಮ್ಮ ಶರಣೀಗೆ ಕಡೀತಾವ್ರಿ?"

"ಕಡೀತಾವ. ಗುಳಿಗಿ ಹೆಚ್ಚು ಕಡಿಮಿ ಮಾಡೋದು ನನಗ ಬಿಡ್ರಿ. ವೈರಸ್ಸಿಗೆ ಬ್ಯಾರೇ ಔಷಧ ಅದ. ಇವತ್ತೇ ಅಡ್ಮಿಟ್ ಆಗ್ರಿ."

ಕಾಕಾ ತಕರಾರಿಲ್ಲದೆ ಸಲೈನ್ ಹಚ್ಚಿಸಿಕೊಂಡು ಮಲಗಿದರು. ಸಂಜೆ ಕಾಕಿ ಬಂದು ಮಂಚದ ಬದಿ ಕುಂತು ಹೇಳಿದ್ದು ಇಷ್ಟೇ: "ಗುಳಿಗಿ ಬಿಡೋದಿದ್ರ ನಂದು ನನಗ ಹೊಳ್ಳಿ ಕೊಡ್ರಿ." ಗುಳ್ಳೆ ಒಣಗಿದವು. ಅಂದಿನಿಂದ ಗುಳಿಗೆ ನುಂಗುವ ಮುಂಚೆ ಒಳಗಿನ ಅಮ್ಮನಿಗೆ "ಮಲಕ್ಕೋವ್ವ" ಎಂದೂ, ನಾಯಿಗಳಿಗೆ "ಹಚಾ, ಸುಮ್ನ ಬಿದ್ಕೋರಿ" ಎಂದೂ, ಬಲಗಡೆಗೆ "ನೀ ಅಂಜಬ್ಯಾಡ" ಎಂದೂ ಹೇಳುವುದು ಅವರಿಗೆ ರೂಢಿಯಾಯಿತು. ಇಷ್ಟು ಮಂದಿ ಸಂಸಾರ ಹೂಡಿದ ಮೈಯನ್ನು ನಾನು ಬೇರೆ ಕಂಡಿಲ್ಲ.

ಹೋದ ವರ್ಷ ಕಾಕಾ ಹೃದಯ ನಿಂತು ತೀರಿಕೊಂಡರು. ಮಣ್ಣು ಕೊಡುವಾಗ ಕಾಕಿ ಅಳಲಿಲ್ಲ. "ಕಡೀತನಕ ನಂದು ಚಲೋ ನಡೀತು, ಹೌದಿಲ್ಲೋ?" ಎಂದು ನನ್ನನ್ನು ಕೇಳಿದರು. ನನಗೇ ಅಳು ತಡೆಯಲಾಗಲಿಲ್ಲ.

ಮೊನ್ನೆ ಅದೇ ಬಸ್ಸಿನಲ್ಲಿ ಕಾಕಿ ನನ್ನ ಪಕ್ಕ ಕುಂತಿದ್ದರು. ಬಸ್ಸು ಗುಂಡಿಗೆ ಇಳಿಯಿತು. ಕಾಕಿಯ ಕೈ ಎಡ ಪಕ್ಕೆಗೆ, ಕಿಡ್ನಿ ತೆಗೆದ ಖಾಲಿ ಜಾಗಕ್ಕೆ ಹೋಯಿತು.

"ಮೆತ್ತಗ ಹೊಡೀರಿ," ಎಂದರು. "ನಮ್ಮ ಮನಿಯವರು ಕುಂತಾರ."