ಕೆಂಪು ದಾರ ಮೇಲೇರಿದ ಫೋರ್ಕು

ನಮ್ಮ ಬೀದಿಯ ಸೈಕಲ್ ರಿಪೇರಿಯವನನ್ನು ಎಲ್ಲರೂ ದಾರದಣ್ಣ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕೂತು ಬೆನ್ನು ಬಾಗಿಸಿಕೊಂಡವನು. ಸ್ಪ್ರಿಂಗ್ ಫೋರ್ಕಿನ ಸೈಕಲ್ ಬಂದರೆ, ಮುಂದಿನ ಚಕ್ರ ಹಿಡಿದ ಎರಡು ಕಾಲುಗಳಲ್ಲಿ ಒಂದರ ಹೊಳೆಯುವ ಭಾಗಕ್ಕೆ, ತೀರ ಕೆಳಗೆ, ಕೆಂಪು ದಾರ ಬಿಗಿಯುತ್ತಿದ್ದ. ಭಾರ ಹೇರಿ ಒಂದು ಸುತ್ತು ಹೋಗಿ ಬಂದರೆ ಫೋರ್ಕು ಕುಸಿದಷ್ಟೂ ಕೆಳಗಿನ ಕೊಳವೆ ತಳ್ಳಿ ದಾರ ಮೇಲೇರಿ ನಿಂತಿರುತ್ತದೆ. "ನನ್ನ ದಾರ ಇವತ್ತಿನವರೆಗೂ ಒಂದು ಸುಳ್ಳೂ ಹೇಳಿಲ್ಲ ಕಣ್ರೀ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ಅವನ ತಂಗಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ನಡುವೆ ದುಡಿದವಳು. ಕೆಲಸ ಬಿಟ್ಟ ಮೇಲೆ ಹಳೆಯ ಮೌಂಟನ್ ಸೈಕಲ್ಲಿಗೆ ಡೇರೆ, ಸ್ಟೌ, ಚೀಲ ಕಟ್ಟಿ, ಮೂರು ವಾರ ಒಬ್ಬಳೇ ಬೆಟ್ಟದ ದಾರಿ ಸುತ್ತಿ ಬರುವ ಹಟ ಹಿಡಿದಳು. ಸೈಕಲ್ಲಿನ ಫೋರ್ಕು ಕೆಟ್ಟಿತ್ತು. ಅಂಗಡಿಯಲ್ಲಿದ್ದವು ಎರಡು. ಮೊಳೆಗೆ ನೇತಾಡುತ್ತಿದ್ದದ್ದು ಸ್ಪ್ರಿಂಗಿಲ್ಲದ ಗಟ್ಟಿ ಉಕ್ಕಿನ ಫೋರ್ಕು. ಇನ್ನೊಂದು ಗುಜರಿಯಿಂದ ತಂದ ಸ್ಪ್ರಿಂಗ್ ಫೋರ್ಕು. ಹೊರಗೆ ಉಜ್ಜಿ ಕನ್ನಡಿ ಮಾಡಿದ್ದ. ಒಳಗಿನ ಬೋಲ್ಟು ತುಕ್ಕು ಹಿಡಿದು ಬಿಚ್ಚಿಕೊಳ್ಳಲಿಲ್ಲ. ಒಳಗೇನಿದೆ ಎಂದು ನೋಡದೆಯೇ ಇರಲಿ ಎಂದು ಬಿಟ್ಟಿದ್ದ.

"ಆ ಕಬ್ಬಿಣದ ಕೋಲು ಬೇಡ ಅಣ್ಣ. ಮುರಿದು ಕೂಡಿದ ಮಣಿಕಟ್ಟು ಇದು, ಒಂದೊಂದು ಗುಂಡಿಗೂ ಅಳುತ್ತೆ."

"ಸ್ಪ್ರಿಂಗಿಂದೇ ಹಾಕ್ತೀನಿ ಬಿಡು. ತೊಟ್ಟಿಲಲ್ಲಿ ಕೂತ ಹಾಗಿರುತ್ತೆ" ಎಂದ ದಾರದಣ್ಣ.

ಮೊದಲ ದಿನ ಚೀಲಗಳಿಗೆ ಮರಳು ತುಂಬಿ, ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ತಾನೇ ಓಡಿಸಿದ. ದಾರ ಅರ್ಧಕ್ಕೆ ನಿಂತಿತು. ಮರುದಿನ ಅದೇ ಮರಳು, ಅದೇ ಇಳಿಜಾರು; ದಾರ ಮುಕ್ಕಾಲಿಗೆ ಏರಿತು. ಮೂರನೆಯ ದಿನ ಮೇಲೆ ಒಂದು ಬೆರಳು ಜಾಗ ಉಳಿದಿತ್ತು.

ಪಕ್ಕದ ಬ್ರೆಡ್ ಅಂಗಡಿಯವನು ಇಣುಕಿದ. "ಏನಪ್ಪಾ, ಅಷ್ಟು ದಾರ ಕಟ್ಟೋನು ಟೈಲರ್ ಆಗ್ಬೇಕಿತ್ತು. ದಿನಾ ಮೇಲೇರ್ತಿದೆಯಲ್ಲ ಅದು?"

"ಇವತ್ತು ಗುಂಡಿ ದೊಡ್ಡದಿತ್ತು. ನಿನ್ನ ಒಲೆ ನೋಡ್ಕೋ ಹೋಗು."

ಗುಂಡಿ ಅದೇ ಇತ್ತು. ಅದು ಅವನಿಗೂ ಗೊತ್ತಿತ್ತು. ಆದರೆ ಇದೇ ಸರಿ ಎಂದು ತಂಗಿಗೆ ಹೇಳಿಯಾಗಿತ್ತು. ಅಂದಿನಿಂದ ಅವನು ಬೋಲ್ಟಿನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಡುವ ಬೆಳಿಗ್ಗೆ, ತಂಗಿ ಬರುವ ಮುನ್ನ ಕೊನೆಯ ಸುತ್ತು ಹೋಗಿ ಬಂದ. ಇಳಿಜಾರಿನ ತುದಿಯಲ್ಲಿ ಟಕ್ ಎಂದು ಲೋಹಕ್ಕೆ ಲೋಹ ಬಡಿದ ಸದ್ದು ಕೇಳಿತು. ಇಳಿದು ನೋಡಿದರೆ ದಾರ ಫೋರ್ಕಿನ ನೆತ್ತಿ ಮುಟ್ಟಿತ್ತು. ಇನ್ನು ಕುಸಿಯಲು ಜಾಗವಿಲ್ಲ. ಬೆಟ್ಟದ ಇಳಿತದಲ್ಲಿ ಹೀಗಾದರೆ ಪೆಟ್ಟೆಲ್ಲ ಫೋರ್ಕಿನ ಕುತ್ತಿಗೆಗೆ. ಅದು ಮುರಿದರೆ ತಂಗಿ ಮುಖ ಅಡಿಯಾಗಿ ಪ್ರಪಾತಕ್ಕೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಅವಳ ಚಪ್ಪಲಿಯ ಸಪ್ಪಳ. ದಾರದಣ್ಣ ಹೆಬ್ಬೆರಳ ಉಗುರಿನಿಂದ ದಾರವನ್ನು ಮೆಲ್ಲಗೆ ಅರ್ಧಕ್ಕೆ ಇಳಿಸಿದ.

"ಹೇಗಿದೆ ಅಣ್ಣ?"

"ನೋಡು. ಅರ್ಧಕ್ಕೇ ನಿಂತಿದೆ."

ಅವಳು ಬಗ್ಗಿ ನೋಡಿದಳು. ಮೂವತ್ತು ವರ್ಷ ಬಿಳಿ ಬಟ್ಟೆಯಲ್ಲಿ ಕಲೆ ಹುಡುಕಿದ ಕಣ್ಣು ಅದು. ದಾರಕ್ಕಿಂತ ಮೇಲೆ, ನೆತ್ತಿಯ ಹತ್ತಿರ, ಹೊಳೆಯುವ ಭಾಗದ ಸುತ್ತ ಎಣ್ಣೆಯ ತೆಳ್ಳನೆ ಉಂಗುರ.

"ದಾರ ಇಲ್ಲಿದೆ. ಅದರ ಗುರುತು ಅಲ್ಲಿದೆಯಲ್ಲ."

ಅವನು ಎಣ್ಣೆಗೆ ಕಪ್ಪಾದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ಆ ಕೋಲನ್ನೇ ಹಾಕು. ಕೈ ನೊಂದಾಗ ಇಳಿದು ತಳ್ಕೊಂಡು ಹೋಗ್ತೀನಿ" ಎಂದು ಅವಳು ಸ್ಟೂಲು ಎಳೆದು ಕೂತಳು.

ಮಧ್ಯಾಹ್ನದ ಹೊತ್ತಿಗೆ ಗಟ್ಟಿ ಫೋರ್ಕು ಕೂತಿತು. ಬಿಚ್ಚಿದ ಸ್ಪ್ರಿಂಗ್ ಫೋರ್ಕನ್ನು ದಾರದಣ್ಣ ಗರಗಸದಿಂದ ಕೊಯ್ದಾಗ ಒಳಗಿನಿಂದ ಹಳದಿ ಪುಡಿ ಸುರಿಯಿತು. ಸ್ಪ್ರಿಂಗಿನ ಜೊತೆ ಇರಬೇಕಾದ ರಬ್ಬರ್ ಗುಂಡುಗಳು ಹಳೆಯವಾಗಿ ಹಿಟ್ಟಾಗಿದ್ದವು. ತಂಗಿ ಒಂದು ಚಿಟಿಕೆ ಎತ್ತಿ ಅಣ್ಣನ ಅಂಗೈಗೆ ಹಾಕಿ, ಸೈಕಲ್ ಹತ್ತಿ ಹೊರಟಳು. ಮೊದಲ ಗುಂಡಿಗೇ ಅವಳ ಬಲಗೈ ಹ್ಯಾಂಡಲ್ ಬಿಟ್ಟು ಮತ್ತೆ ಹಿಡಿದದ್ದು ದೂರದಿಂದಲೂ ಕಂಡಿತು.

ಅವಳು ಹೋಗಿ ಇಂದಿಗೆ ಹನ್ನೊಂದು ದಿನ. ದಾರದಣ್ಣ ಈಗಲೂ ದಾರ ಕಟ್ಟಿಸುತ್ತಾನೆ. ಆದರೆ ಗಂಟು ಹಾಕುವುದೂ ನೋಡುವುದೂ ಸೈಕಲ್ಲಿನವರೇ. ಅವನು ಅತ್ತ ಮುಖ ಮಾಡಿ, ಬೀದಿಯ ತಿರುವು ನೋಡುತ್ತಿರುತ್ತಾನೆ.