ಕಾಂಪೌಂಡರ್ ನಾಜಿ ಮುಷ್ಟಿ ಓದಿದ ರಂಜಾನ್

ನಮ್ಮ ಫದಲ್ ಕೇರಿಯಲ್ಲಿ ಕಾಂಪೌಂಡರ್ ನಾಜಿಯ ಸೂಜಿ ಚುಚ್ಚಿಸಿಕೊಳ್ಳದ ಮನುಷ್ಯನೇ ಇರಲಿಲ್ಲ. ದವಾಖಾನೆಯಲ್ಲಿ ಇಪ್ಪತ್ತಾರು ವರ್ಷ ಅವನದು ಅದೇ ಕೆಲಸ, ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು. ಎದುರಿಗೇ ನನ್ನ ಇಸ್ತ್ರಿ ಅಂಗಡಿ. ನಾಜಿ ಸಣ್ಣ ಆಳು, ಮಾತು ಕಡಿಮೆ. ಮಗಳ ಹೆಸರು ಹಿಡಿದು ನಾವೆಲ್ಲ ಅವನನ್ನು ಅಬೂ ಸುಹಾದ್, ಅಂದರೆ ಸುಹಾದಳ ಅಪ್ಪ, ಅನ್ನುತ್ತಿದ್ದೆವು.

ಉಂಗುರದಾಟದಲ್ಲಿ ಮಾತ್ರ ಅವನಿಗೆ ಜಾಗ ಇರಲಿಲ್ಲ. ರಂಜಾನ್ ಬಂತೆಂದರೆ ಉಪವಾಸ ಬಿಟ್ಟು, ನಮಾಜು ಮುಗಿಸಿ, ಬಾಗ್ದಾದಿನ ಗಂಡಸರು ಮಹೈಬಿಸ್ ಆಟಕ್ಕೆ ಕೂರುತ್ತೇವೆ. ಒಂದು ಕೇರಿಯ ನಲವತ್ತು ಜನ ಸಾಲಾಗಿ ಕೂತು ಮುಷ್ಟಿ ಬಿಗಿಯುತ್ತಾರೆ. ಅವರ ನಾಯಕ ಕಂಬಳಿ ಮರೆಯಲ್ಲಿ ಒಬ್ಬೊಬ್ಬರ ಕೈ ಮುಟ್ಟುತ್ತಾ ಹೋಗಿ, ಯಾವುದೋ ಒಂದು ಮುಷ್ಟಿಯಲ್ಲಿ ಉಂಗುರ ಬಿಟ್ಟು ಬರುತ್ತಾನೆ. ಎದುರು ಕೇರಿಯ ನಾಯಕ ಎಂಬತ್ತು ಮುಷ್ಟಿಗಳಲ್ಲಿ ಆ ಒಂದನ್ನು ಹುಡುಕಬೇಕು. ಖಾಲಿ ಅನಿಸಿದವರಿಗೆ 'ತಲಕ್' ಅಂದು ಕೈ ಬಿಚ್ಚಿಸಿ ಎಬ್ಬಿಸುತ್ತಾನೆ. ಇದೇ ಅನಿಸಿದ ಮುಷ್ಟಿಗೆ 'ಕೊಡು' ಅನ್ನುತ್ತಾನೆ. ಎರಡರಲ್ಲಿ ಯಾವುದು ತಪ್ಪಿದರೂ ಅಡಗಿಸಿದವರು 'ಬಾತ್' ಎಂದು ಕೂಗಿ ಒಂದು ಅಂಕ ಹಾಕಿಕೊಳ್ಳುತ್ತಾರೆ. ಸಿಕ್ಕರೆ ಅಡಗಿಸುವ ಸರದಿ ಹುಡುಕಿದವರಿಗೆ ಬರುತ್ತದೆ. ಇಪ್ಪತ್ತೊಂದು ಅಂಕಕ್ಕೆ ಆಟ.

ನಾಜಿ ಹರೆಯದಲ್ಲಿ ಎರಡು ವರ್ಷ ಸಾಲಿನಲ್ಲಿ ಕೂತಿದ್ದನಂತೆ. ಕೈಗೆ ಉಂಗುರ ಬಿದ್ದದ್ದೇ ತಡ, ಗಂಟಲ ಗಂಟು ಮೇಲೆ ಕೆಳಗೆ ಕುಣಿಯುತ್ತಿತ್ತು. ಎದುರಿನವರು ಬಂದವರೇ ನೆಟ್ಟಗೆ ಅವನ ಮುಂದೆ ನಿಂತು ನಗುತ್ತಿದ್ದರಂತೆ. ಆಮೇಲೆ ಅವನು ನೋಡುವವರ ಸಾಲಿಗೆ ಹೋದ. ಆಟದ ಸಾಲಿನಲ್ಲಿದ್ದ ನನ್ನ ಬೆನ್ನ ಹಿಂದೆ ಕೂತು, ಮೂರು ಬೆರಳಲ್ಲಿ ಚಹಾದ ಲೋಟ ಹಿಡಿದು, ತನ್ನಷ್ಟಕ್ಕೆ ಗೊಣಗುತ್ತಿದ್ದ: ನಾಲ್ಕನೆಯವನು, ಬಲಗೈ. ಇಲ್ಲವೆ, ಮೂಲೆಯ ಗಡ್ಡದವನು, ಎಡಗೈ. ಹತ್ತಕ್ಕೆ ಏಳು ಸಲ ಉಂಗುರ ಅಲ್ಲೇ ಇರುತ್ತಿತ್ತು.

ಇದನ್ನು ಕೇಳಿಸಿಕೊಂಡವನು ನಾನೊಬ್ಬನೇ ಅಂದುಕೊಂಡಿದ್ದೆ. ನಮ್ಮ ನಾಯಕ ಮುಲ್ಲಾ ಅಬ್ಬೂದನ ಕಿವಿಗೂ ಬಿದ್ದಿತ್ತು. ಆ ವರ್ಷ ರಂಜಾನ್ ಸುಡುಬೇಸಿಗೆಯಲ್ಲಿ ಬಂದಿತ್ತು. ಹೊಳೆಯಾಚೆಯ ಕಾಜಿಮಿಯಾ ಕೇರಿಯವರ ಜೊತೆ ಕೊನೆಯ ಆಟ ಇದ್ದ ದಿನವೇ ಮುಲ್ಲಾನಿಗೆ ಮೂತ್ರಪಿಂಡದ ಕಲ್ಲು ಎದ್ದು, ಹಾಸಿಗೆಯಲ್ಲಿ ಮುದುಡಿಕೊಂಡುಬಿಟ್ಟ. ನೋವಿನ ಇಂಜೆಕ್ಷನ್ ಕೊಡಲು ನಾಜಿ ಹೋದ, ಅವನ ಹಿಂದೆ ನಾನೂ ಹೋದೆ. ಸೂಜಿ ತೆಗೆದ ಮೇಲೆ ಮುಲ್ಲಾ ಅವನ ಮಣಿಕಟ್ಟು ಬಿಡಲೇ ಇಲ್ಲ.

"ಇವತ್ತು ಹುಡುಕೋಕೆ ನೀನೇ ಹೋಗು."

"ನಾನಾ? ನನ್ನ ಗಂಟಲು ನೋಡಿ ಊರೇ ನಗುತ್ತೆ, ಮುಲ್ಲಾ."

"ಹುಡುಕೋವಾಗ ನಿನ್ನ ಗಂಟಲು ಯಾರಿಗೆ ಬೇಕು ಕಣೋ? ಹಿಂದೆ ಕೂತು ಗೊಣಗೋದನ್ನ ಮುಂದೆ ನಿಂತು ಗೊಣಗು. ಅಷ್ಟೇ."

ಕೇರಿಯ ದೊಡ್ಡವರು ಮುಖ ಹುಳ್ಳಗೆ ಮಾಡಿಕೊಂಡರು. ಕಾಂಪೌಂಡರನನ್ನು ನಂಬಿ ಕಾಜಿಮಿಯಾದ ನಾಯಕ ಹಾತಿಮ್ ಎದುರು ನಿಲ್ಲುವುದೆ? ಹಾತಿಮ್ ಕಂಬಳಿ ವ್ಯಾಪಾರಿ, ಆರಡಿ ಆಳು. ಬಂದು ನಿಂತರೆ ಸಾಲಿಗೆ ಸಾಲೇ ಉಗುಳು ನುಂಗುತ್ತಿತ್ತು. ಆದರೆ ಮುಲ್ಲಾನ ಮಾತು ತೆಗೆದುಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

ಶುರುವಿನಲ್ಲಿ ನಾಜಿ ನಮ್ಮ ಮಾನ ಕಳೆದ. ಮುಲ್ಲಾನ ಹಾಗೆ ಅಬ್ಬರಿಸಲು ಹೋಗಿ ದನಿ ಒಡೆಯಿತು. ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವರು ಹಲ್ಲು ಕಿರಿದರು. ಐದು ಸಲ ತಪ್ಪಿ, ಐದು ಸಲ 'ಬಾತ್' ಕೇಳಿದೆವು. ನೀರು ಕುಡಿಯಲು ಬಂದಾಗ ನಾನೇ ಹೇಳಿದೆ: ಮುಲ್ಲಾ ಆಗೋಕೆ ಹೋಗಬೇಡ, ಇವರೆಲ್ಲ ಸೂಜಿಗೆ ಬಂದವರು ಅಂದುಕೋ. ಅವನು ಲೋಟ ಇಟ್ಟು ನನ್ನನ್ನೇ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿಕೊಂಡ, ದವಾಖಾನೆಯಲ್ಲಿ ಮಡಚಿಕೊಳ್ಳುವ ಹಾಗೇ.

ಅಲ್ಲಿಂದ ಆಟದ ದಿಕ್ಕೇ ಬದಲಾಯಿತು. ಅವನು ಮುಖ ನೋಡುವುದನ್ನೇ ಬಿಟ್ಟ. ಮೊಣಕೈ, ಹೆಗಲು, ಹೊಟ್ಟೆಯ ಉಸಿರು, ಚಪ್ಪಲಿಯೊಳಗಿನ ಕಾಲ್ಬೆರಳು ನೋಡುತ್ತಾ ನಿಧಾನವಾಗಿ ನಡೆದ. ಕೂಗಾಟವಿಲ್ಲ, 'ತಲಕ್, ತಲಕ್' ಅಂತ ಮೆಲ್ಲಗೆ ಹೇಳಿಕೊಂಡು, ಚೀಟಿ ಹರಿದು ಕೊಟ್ಟ ಹಾಗೆ ಜನರನ್ನು ಎಬ್ಬಿಸುತ್ತಾ ಹೋದ. ಒಂದು ಸಲ ಸಿಕ್ಕಿತು, ಮತ್ತೊಂದು ಸಲ, ಮತ್ತೂ ಒಂದು ಸಲ. ನಾವೂ ಅಡಗಿಸಿ ಅಂಕ ಸೇರಿಸಿದೆವು. ನಮ್ಮ ಕಡೆಯ ಡೋಲಿನವನು ಕೂತಲ್ಲಿಂದ ಎದ್ದವನು ಮತ್ತೆ ಕೂರಲಿಲ್ಲ. ಹದಿನಾಲ್ಕು, ಹದಿನೇಳು, ಹತ್ತೊಂಬತ್ತು. ಮನೆಗಳ ಮಾಳಿಗೆ ಮೇಲೆ ಹೆಂಗಸರು ಬಂದು ನಿಂತರು. ಇಪ್ಪತ್ತು ಇಪ್ಪತ್ತು ಆಯಿತು.

ಉಂಗುರ ಅವರ ಕೈಯಲ್ಲಿ. ನಾಜಿ ಈ ಸಲ ತಪ್ಪಿದರೆ ಆಟ ಅವರದು.

ಮೂವತ್ತೆಂಟು ಜನರನ್ನು ಎಬ್ಬಿಸಿದ. ನಲವತ್ತರಲ್ಲಿ ಉಳಿದವರು ಇಬ್ಬರು. ಒಬ್ಬ ರೊಟ್ಟಿ ಭಟ್ಟಿಯ ಲುತ್ಫಿ, ದಪ್ಪ ಮನುಷ್ಯ, ತೂಕಡಿಸುವವನ ಹಾಗೆ ಕೂತಿದ್ದ. ಇನ್ನೊಬ್ಬ ಗಾನಿಮ್, ಇಪ್ಪತ್ತೆರಡರ ಹುಡುಗ, ಬಡಕಲು. ಅವನ ಮುಷ್ಟಿ ಸಣ್ಣಗೆ ಅದುರುತ್ತಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು, ಕಣ್ಣು ಹೊರಗೇ ಬಂದಿದ್ದವು. ನಮ್ಮ ಸಾಲಿಗೆ ಸಾಲೇ ಪಿಸುಗುಟ್ಟಿತು, ಅವನೇ, ಅವನೇ. ಬಟ್ಟೆ ಅಂಗಡಿಯ ಹಸನ್ ಅಂತೂ ಸುಮ್ಮನಿರಲಾರದೆ ಅಂದೇಬಿಟ್ಟ: "ಅಬೂ ಸುಹಾದ್, ಆ ಹುಡುಗ ಇನ್ನೊಂದು ಗಳಿಗೆಗೆ ತಾನೇ ಎದ್ದು ಬಂದು ಕೊಟ್ಟುಬಿಡ್ತಾನೆ ಕಣೋ."

ನಾಜಿ ಹುಡುಗನ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡೂ ಮುಷ್ಟಿ ಚಾಚಲು ಹೇಳಿದ. ಎರಡೂ ಒಂದೇ ಸಮ ಅದುರುತ್ತಿದ್ದವು. ಕುತ್ತಿಗೆಯ ಬುಡವನ್ನು ತುಂಬ ಹೊತ್ತು ನೋಡಿದ. ಎದ್ದು ನಿಂತು "ತಲಕ್" ಅಂದ.

ನಮ್ಮವರು ತಲೆ ಮೇಲೆ ಕೈ ಹೊತ್ತರು. ಗಾನಿಮ್ ಕೈ ಬಿಚ್ಚಿದ. ಖಾಲಿ.

ಆಗ ನನ್ನ ಪಕ್ಕದವನು ಎಷ್ಟು ಜೋರಾಗಿ ನನ್ನ ತೊಡೆಗೆ ಹೊಡೆದನೆಂದರೆ ಮಾರನೆಯ ದಿನಕ್ಕೂ ನೀಲಿ ಇತ್ತು. ಉಳಿದವನು ಲುತ್ಫಿ. ಆದರೆ ಯಾವ ಕೈ? ತಪ್ಪು ಕೈ ಕೇಳಿದರೂ ಆಟ ಹೋಯಿತು. ಅವನ ಬಲ ಮುಷ್ಟಿ ಬಿಗಿದು ಗೆಣ್ಣುಗಳೆಲ್ಲ ಬೆಳ್ಳಗಾಗಿದ್ದವು. ಎಡಗೈ ತೊಡೆ ಮೇಲೆ ಮಲಗಿದ ಬೆಕ್ಕಿನ ಹಾಗೆ ಮೆತ್ತಗೆ ಬಿದ್ದಿತ್ತು. ನಾಜಿ ಒಂದು ಉಸಿರೂ ತಡ ಮಾಡಲಿಲ್ಲ.

"ಎಡಗೈ, ಲುತ್ಫಿ. ಉಂಗುರ ಕೊಡು."

ಲುತ್ಫಿ ನಕ್ಕ. ನಗುತ್ತಲೇ ಎಡಗೈ ಬಿಚ್ಚಿ ಉಂಗುರ ಅವನ ಅಂಗೈಗೆ ಹಾಕಿದ. ಆಮೇಲೆ ನಾವು ಮಾಡಿದ ಗದ್ದಲ ಹೊಳೆಯಾಚೆಗೂ ಕೇಳಿರಬೇಕು. ಅದು ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದ್ದಕ್ಕೆ ನಾಜಿ ಹೇಳಿದ್ದಿಷ್ಟು: ಚುಚ್ಚುವ ತೋಳು ಸಡಿಲ ಬಿಡು ಅಂದರೆ ಜನ ಅದನ್ನು ಬಿಡುತ್ತಾರೆ, ಹೆದರಿಕೆಯೆಲ್ಲ ಇನ್ನೊಂದು ಕೈಗೆ ಹೋಗಿ ಕೂರುತ್ತದೆ.

ಈಗ ಅಡಗಿಸುವ ಸರದಿ ನಮ್ಮದು. ನಾಜಿ ಕಂಬಳಿ ಹಿಡಿದು ಸಾಲಿನುದ್ದಕ್ಕೂ ಬಂದ. ನನ್ನ ಬಲಗೈಗೆ ಬಿಸಿ ಬಿಸಿಯಾದದ್ದೇನೋ ಬಿತ್ತು. ಅವನ ಬೆವರಿನಲ್ಲಿ ತೊಯ್ದ ಉಂಗುರ. ಅಲ್ಲಾ, ನಲವತ್ತು ಜನರಲ್ಲಿ ಈ ಇಸ್ತ್ರಿ ಸಬ್ರಿಯೇ ಬೇಕಿತ್ತೆ? ಕಿವಿಯ ಹತ್ತಿರ ಅವನ ಪಿಸುಮಾತು: "ಕಾಲ್ಬೆರಳು ನೆಲಕ್ಕೆ ಒತ್ತಿಕೋ. ಎರಡೂ ಕೈ ಮರೆತುಬಿಡು."

ಹಾತಿಮ್ ಬಂದ. ನಾನು ಶೂ ಒಳಗೆ ಹತ್ತೂ ಬೆರಳು ಮಡಚಿ, ಉಗುರು ಮುರಿಯುವಷ್ಟು ಒತ್ತಿದೆ. ಎದೆ ಡೋಲಿಗಿಂತ ಜೋರಾಗಿ ಬಡಿಯುತ್ತಿತ್ತು, ಆದರೆ ಕೈ ನನ್ನದಲ್ಲವೇನೋ ಎಂಬಂತೆ ಬಿದ್ದುಕೊಂಡಿತ್ತು. ಅವನು ನನ್ನ ಮುಖ ನೋಡಿದ, ಕೈ ನೋಡಿದ, ಮುಖಕ್ಕೆ ಮುಖ ತಂದು ಗುಡುಗಿದ. ನಾನು ಕಾಲ್ಬೆರಳನ್ನೇ ನೆನೆಯುತ್ತಿದ್ದೆ. ಅವನ ಬೆರಳು ಮೇಲೆದ್ದಿತು.

"ತಲಕ್."

ನಾನು ಕೈ ಬಿಚ್ಚಿದೆ. ದೀಪದ ಬೆಳಕಿಗೆ ಉಂಗುರ ಮಿಂಚಿತು. 'ಬಾತ್' ಎಂಬ ಕೂಗು ಎದ್ದಾಗ ನಾನು ನೆಲದ ಮೇಲೆ ಇರಲಿಲ್ಲ; ಯಾರದೋ ಹೆಗಲ ಮೇಲಿದ್ದೆ.

ಜಲೇಬಿ, ಬಕ್ಲಾವಾ ತಟ್ಟೆಗಳು ಬಂದವು. ಗೆದ್ದವರು ಮೊದಲು ತಿಂದು ಆಮೇಲೆ ಸೋತವರಿಗೂ ಕೊಡುವುದು ರೂಢಿ. ಎಲ್ಲರೂ ನಾಜಿಯನ್ನು ಹುಡುಕಿದರು. ಅವನು ತಟ್ಟೆ ಬಿಟ್ಟು ಹಾತಿಮ್ ಹತ್ತಿರ ಹೋಗಿದ್ದ. ನಾನು ಒಂದು ತಟ್ಟೆ ಹಿಡಿದು ಹಿಂದೆಯೇ ಓಡಿದೆ.

ಆ ಹುಡುಗನನ್ನು ವೈದ್ಯರಿಗೆ ತೋರಿಸಬೇಕು ಅಂತ ನಾಜಿ ಹೇಳುತ್ತಿದ್ದ. ಹಾತಿಮನ ಮುಖ ಕೆಂಪಾಯಿತು.

"ಗೆದ್ದದ್ದು ಸಾಲದೂಂತ ನಮ್ಮ ಹುಡುಗರಿಗೆ ರೋಗ ಬೇರೆ ಅಂಟಿಸ್ತೀಯಾ?"

"ಹಂಗಿಸೋಕೆ ಬಂದಿಲ್ಲಪ್ಪಾ. ಉಂಗುರ ಇದ್ದಿದ್ರೆ ಎರಡೂ ಕೈ ಒಂದೇ ತರ ಅದುರ್ತಿರಲಿಲ್ಲ. ಗಂಟಲ ಬುಡ ಊದಿದೆ, ನಾಡಿ ಓಡ್ತಾ ಇದೆ. ಇವನು ಹೆದರಿದೋನಲ್ಲ, ಕಾಯಿಲೆಯವನು."

ಪಕ್ಕದಲ್ಲೇ ನಿಂತಿದ್ದ ಗಾನಿಮ್ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಾ, ಆರು ತಿಂಗಳಿಂದ ರಾತ್ರಿ ನಿದ್ದೆ ಬರುತ್ತಿಲ್ಲ, ಎಷ್ಟು ತಿಂದರೂ ಮೈ ಇಳಿಯುತ್ತಿದೆ ಅಂದ. ಯಾರಿಗೂ ಹೇಳಿರಲಿಲ್ಲವಂತೆ. ಆಗ ಹಾತಿಮ್ ಮೆಲ್ಲಗೆ ನನ್ನ ತಟ್ಟೆಯಿಂದ ಒಂದು ಜಲೇಬಿ ತೆಗೆದುಕೊಂಡ.

ಹಬ್ಬ ಕಳೆದ ನಾಲ್ಕನೆಯ ದಿನ ಗಾನಿಮ್ ತಾಯಿಯ ಜೊತೆ ಹೊಳೆ ದಾಟಿ ನಮ್ಮ ದವಾಖಾನೆಗೆ ಬಂದ. ನಾಜಿ ಅವನನ್ನು ಡಾಕ್ಟರ ಮುಂದೆ ಕೂರಿಸಿದ. ಅಲ್ಲಿಂದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಗಂಟಲ ಗ್ರಂಥಿ ಕೆಟ್ಟಿದೆ, ಇನ್ನೂ ತಡವಾಗಿದ್ದರೆ ಹೃದಯಕ್ಕೆ ಏಟು ಬೀಳುತ್ತಿತ್ತು ಅಂದರಂತೆ. ಒಂದು ವರ್ಷ ಮಾತ್ರೆ ನುಂಗಿದ.

ಮುಂದಿನ ರಂಜಾನಿನಲ್ಲಿ ಮುಲ್ಲಾ ಗಟ್ಟಿಯಾಗಿ ಎದ್ದು ಬಂದರೂ, ಹುಡುಕುವ ಕೆಲಸ ನಾಜಿಯದೇ ಅಂದುಬಿಟ್ಟ. ಕಾಜಿಮಿಯಾದವರ ಸಾಲಿನಲ್ಲಿ ಗಾನಿಮ್ ಇದ್ದ, ಮೈ ಕೈ ತುಂಬಿಕೊಂಡು, ಕಲ್ಲಿನಂತೆ ನಿಶ್ಚಲವಾಗಿ. ಅವನ ಮುಂದೆ ನಾಜಿ ಮೂರು ಸಲ ನಿಂತ. ಮೂರು ಸಲವೂ ಏನೂ ಕಾಣದೆ ತಲಕ್ ಅಂದ. ಮೂರು ಸಲವೂ ಉಂಗುರ ಅವನ ಕೈಯಲ್ಲೇ ಇತ್ತು. ಆ ಆಟ ನಾವು ಸೋತೆವು.

ವಾಪಸು ನಡೆದು ಬರುವಾಗ ನಾಜಿ ದಾರಿಯುದ್ದಕ್ಕೂ ನಗುತ್ತಿದ್ದ. ಸೋತವನು ಹೀಗೆ ನಗೋದು ಸರಿಯಲ್ಲ, ಜನ ಏನಂತಾರೆ ಅಂದೆ.

"ಏನಾದ್ರೂ ಅನ್ನಲಿ ಸಬ್ರಿ," ಅಂದ. "ಎಂಥಾ ಕೈ ನೋಡಿದೆಯಾ ಅವನದು!"